ಎರಡು ಹಳದಿ ಮಾತ್ರೆ

ಅಮರಪ್ಪ ಔಷಧಿ ಕೌಂಟರಿನ ಮುಂದೆ ಬಂದು ನಿಂತಾಗ ಕೋಕಿಲಾ ಒಳಗಡೆ ಐಸಿಯುಗೆ ಕಳಿಸಬೇಕಾದ ಇಂಜೆಕ್ಷನ್‌ಗಳನ್ನು ಕಪಾಟಿನಿಂದ ತೆಗೆದಿಡುತ್ತಿದ್ದಳು. ಹಲಸೂರಿನ ಆ ಖಾಸಗಿ ಆಸ್ಪತ್ರೆಯ ಫಾರ್ಮಸಿಗೆ ಅವಳೇ ಮುಖ್ಯಸ್ಥೆ. ಆದರೆ ಮುಖ್ಯಸ್ಥೆಯ ಕೈಕೆಳಗೆ ಇರಬೇಕಾದವರು ಒಬ್ಬೊಬ್ಬರಾಗಿ ಕಳಚಿಕೊಂಡಿದ್ದರು. ಒಬ್ಬ ಆನ್‌ಲೈನ್ ಔಷಧಿ ಕಂಪನಿಗೆ ಹೋದ. ಇನ್ನೊಬ್ಬ ಊಟಕ್ಕೆಂದು ಹೋದವನು ತಿರುಗಿ ಬರಲೇ ಇಲ್ಲ. ಕೊನೆಗೆ ಸೌಂದರ್ಯಾ ಎಂಬ ಚುರುಕು ಹುಡುಗಿ ಕೂಡ ಕಾಲು ಊದಿಕೊಂಡಿದ್ದನ್ನು ತೋರಿಸಿ, "ಸಾರಿ ಮೇಡಂ, ನಮ್ಮಮ್ಮ ಬಿಟ್ಬಿಡು ಅಂತಿದಾರೆ" ಎಂದು ಹೇಳಿ ಹೊರಟುಹೋದಳು. ಫಾರ್ಮಸಿ ಓದಿಕೊಂಡವರು ಅಂತ ಈಗ ಉಳಿದಿದ್ದು ಇಬ್ಬರೇ, ಕೋಕಿಲಾ ಮತ್ತು ಸಿಂಧನೂರಿನ ಕಡೆಯಿಂದ ಬಂದ ಈರೇಶ. ಈರೇಶ ಹಿಂದಿನ ದಿನ ಹಗಲು ಪಾಳಿ ಮುಗಿಸಿ, ರಾತ್ರಿಯನ್ನೂ ಅವನೇ ನೋಡಿಕೊಂಡು, ಬೆಳಿಗ್ಗೆ ಮರ್ಫಿ ಟೌನಿನ ತನ್ನ ಬಾಡಿಗೆ ಕೋಣೆಗೆ ಮಲಗಲು ಹೋಗಿದ್ದ.

ಕೌಂಟರಿನಲ್ಲಿ ರಿಜ್ವಾನ್ ನಿಂತಿದ್ದ. ಅವನು ಬಿಲ್ಲು ಹಾಕಲು ಬಂದ ಹುಡುಗ. ಜನ ಇಲ್ಲದ್ದಕ್ಕೆ ಅವನೇ ಕೇಳಿದ್ದನ್ನು ಎತ್ತಿ ಕೊಡುವುದೂ ನಡೆದಿತ್ತು.

"ನಮ್ಮ ಕಡೀ ಹುಡುಗ ಈರೇಶ ಇಲ್ಲೇನ್ರಿ?" ಅಮರಪ್ಪ ಕೇಳಿದ. ಸಿಮೆಂಟಿನ ಧೂಳು ಹಿಡಿದ ಅಂಗಿ, ಕೈಯಲ್ಲಿ ಮಡಚಿದ ಬಟ್ಟೆ ಚೀಲ.

"ಇಲ್ಲ ಅಂಕಲ್, ಡ್ಯೂಟಿ ಮುಗೀತು. ಏನ್ ಬೇಕು ಹೇಳಿ, ಲೈನ್ ಐತೆ."

"ಹೆಂಡ್ತಿಗೆ ಬಾಯೆಲ್ಲ ಹುಣ್ಣಾಗೈತ್ರಿ. ನೀರು ನುಂಗಾಕೂ ಬರವಲ್ದು. ದಿನಾ ತಪ್ಪದಂಗ ಹಳದಿ ಗುಳಿಗಿ ತಗೋತಾಳ, ಆದ್ರೂ ಒಂದ ಸವನ ಜ್ವರ..."

"ಈ ಜೆಲ್ ಹಚ್ಚಿ. ಸರಿ ಹೋಗುತ್ತೆ. ನೆಕ್ಸ್ಟ್?"

ಕೋಕಿಲಾ ಆ ಮಾತನ್ನು ಕೇಳಿಸಿಕೊಂಡಳು, ಆದರೆ ಅದು ತಲೆಗೆ ಇಳಿಯಲು ಸ್ವಲ್ಪ ಹೊತ್ತು ಹಿಡಿಯಿತು. ಐಸಿಯುನಿಂದ ಮೂರನೇ ಸಲ ಫೋನು ಬಂದಿತ್ತು, ಹೊರಗೆ ಯಾರೋ ಗಾಜು ತಟ್ಟುತ್ತಿದ್ದರು. ಇಂಜೆಕ್ಷನ್ ಟ್ರೇಯನ್ನು ವಾರ್ಡ್ ಬಾಯ್ ಕೈಗೆ ಕೊಟ್ಟ ಮೇಲೆ ಅವಳು ಇದ್ದಕ್ಕಿದ್ದಂತೆ ನಿಂತುಬಿಟ್ಟಳು. ಬಾಯಿ ಹುಣ್ಣು. ಜ್ವರ. ಹಳದಿ ಮಾತ್ರೆ. ದಿನಾ.

"ರಿಜ್ವಾನ್, ಈಗ ಜೆಲ್ ತಗೊಂಡೋದ್ರಲ್ಲ, ಅವರೆಲ್ಲಿ?"

"ಹೋದ್ರು ಮೇಡಂ. ಯಾಕೆ?"

ಅವಳು ಹೊರಗೆ ಓಡಿದಳು. ಆಸ್ಪತ್ರೆಯ ಗೇಟು ದಾಟಿ ರಸ್ತೆಗೆ ಬಂದು ಎರಡೂ ಕಡೆ ನೋಡಿದಳು. ಸೊಪ್ಪಿನ ಗಾಡಿ, ಆಟೋಗಳ ಸಾಲು, ಮೆಟ್ರೋ ಸ್ಟೇಷನ್ ಕಡೆಗೆ ಹರಿಯುವ ಜನ. ಧೂಳಿನ ಅಂಗಿಯವರು ಎಷ್ಟೋ ಜನರಿದ್ದರು, ಅಮರಪ್ಪ ಕಾಣಲಿಲ್ಲ.

ವಾಪಸು ಬಂದು ಕಂಪ್ಯೂಟರಿನಲ್ಲಿ ಹುಡುಕಿದಳು. ಈರೇಶನನ್ನು ಹೆಸರು ಹಿಡಿದು ಕೇಳಿಕೊಂಡು ಬರುವ ರಾಯಚೂರು ಕಡೆಯ ಹೆಂಗಸರು ಹಲವರಿದ್ದರು. ಅವರಲ್ಲಿ ಹಳದಿ ಮಾತ್ರೆ ಒಯ್ದವಳು ಒಬ್ಬಳೇ, ಜಟ್ಟೆಮ್ಮ. ಸಂಧಿವಾತಕ್ಕೆ ಡಾಕ್ಟರು ಬರೆದಿದ್ದ ಮಾತ್ರೆ ಎರಡು. ಒಂದು ಮೆಥೋಟ್ರೆಕ್ಸೇಟ್, ವಾರಕ್ಕೆ ಒಂದೇ ಸಲ. ಇನ್ನೊಂದು ಫೋಲಿಕ್ ಆಸಿಡ್, ವಿಟಮಿನ್ ಜಾತಿಯದು, ಉಳಿದ ದಿನಗಳಿಗೆ. ಎರಡೂ ಪುಟ್ಟವು, ಎರಡೂ ಹಳದಿ. ವಾರಕ್ಕೊಂದು ನುಂಗಬೇಕಾದ್ದನ್ನು ದಿನಾ ನುಂಗಿದರೆ ಅದು ಔಷಧಿಯಲ್ಲ, ವಿಷ. ಬಾಯಿಯ ಚರ್ಮ ಸುಲಿಯುತ್ತದೆ, ರಕ್ತದ ಕಣಗಳು ಕುಸಿಯುತ್ತವೆ, ಆಮೇಲೆ ಸಣ್ಣದೊಂದು ಸೋಂಕು ಸಾಕು.

ಕೊಟ್ಟವರ ಹೆಸರಿನ ಜಾಗದಲ್ಲಿ ಈರೇಶ ಎಂದಿತ್ತು. ದಿನಾಂಕ ನೋಡಿದಳು. ಸೌಂದರ್ಯಾ ಕೆಲಸ ಬಿಟ್ಟ ಮಾರನೇ ದಿನ ಅದು. ಆ ಸಂಜೆ ಈರೇಶ ಚೀಲ ಹೆಗಲಿಗೆ ಹಾಕಿಕೊಂಡು ಹೊರಟಿದ್ದ. "ಇವತ್ತೊಂದಿನ ನೋಡ್ಕೊಳ್ಳೋ ಈರೇಶ, ಪ್ಲೀಸ್" ಎಂದು ಬಾಗಿಲಲ್ಲಿ ತಡೆದು ನಿಲ್ಲಿಸಿದವಳು ಅವಳೇ.

ದಾಖಲೆಯಲ್ಲಿದ್ದ ನಂಬರಿಗೆ ಫೋನು ಮಾಡಿದಳು. ಎತ್ತಿದ್ದು ಕಟ್ಟಡ ಕೆಲಸದ ಮೇಸ್ತ್ರಿ ಚಿಕ್ಕವೆಂಕಟಪ್ಪ.

"ಜಟ್ಟೆಮ್ಮನಾ? ಅವರೀಗ ನಮ್ಮತ್ರ ಇಲ್ಲಮ್ಮ. ಕೆ.ಆರ್. ಪುರದ ಕಡೆ ಬೇರೆ ಸೈಟ್‌ಗೆ ಹೋದ್ರು. ಟಿನ್ ಫ್ಯಾಕ್ಟರಿ ಹಿಂದ್ಗಡೆ ಎಲ್ಲೋ ಶೆಡ್ ಹಾಕ್ಕೊಂಡವ್ರೆ."

"ಅವರ ನಂಬರ್ ಇದ್ಯಾ?"

"ಇದ್ದಿದ್ ಫೋನ್ ಒಡೆದೋಯ್ತು ಅಂತಿದ್ದ ಅವಳ ಗಂಡ. ಏನಾಯ್ತಮ್ಮ?"

ಅವಳಿಗೆ ತಾನೇ ಓಡಿಹೋಗಬೇಕೆನ್ನಿಸಿತು. ಆದರೆ ಅವಳು ಹೊರಟರೆ ಕೌಂಟರ್ ಮುಚ್ಚಬೇಕು. ಮೇಲೆ ಆಪರೇಷನ್ ನಡೆಯುತ್ತಿತ್ತು, ಐಸಿಯುನಲ್ಲಿ ಜನರಿದ್ದರು. ಎಲ್ಲವನ್ನೂ ರಿಜ್ವಾನ್ ಕೈಗೆ ಬಿಟ್ಟು ಹೋಗುವುದೆಂದರೆ ಇನ್ನೊಬ್ಬ ಜಟ್ಟೆಮ್ಮನನ್ನು ಮಾಡಿದಂತೆಯೇ. ಕೊನೆಗೆ ಈರೇಶನಿಗೇ ಫೋನು ಮಾಡಿದಳು. ನಾಲ್ಕನೇ ಸಲಕ್ಕೆ ಎತ್ತಿದ. ದನಿಯಲ್ಲಿ ನಿದ್ದೆ ಇನ್ನೂ ಇತ್ತು.

"ಮೇಡಂ, ಈಗ ಮಲಗೀನ್ರಿ..."

"ಈರೇಶ, ಎದ್ದು ಕೂತ್ಕೋ. ಸಂಧಿವಾತದ ಜಟ್ಟೆಮ್ಮ ನೆನಪಿದಾರಾ? ಅವರಿಗೆ ಬಾಯಿ ಹುಣ್ಣಾಗಿದೆ, ಜ್ವರ ಇದೆ. ದಿನಾ ಹಳದಿ ಮಾತ್ರೆ ತಗೋತಿದಾರೆ ಅಂತ ಅವರ ಯಜಮಾನ್ರು ಹೇಳಿದ್ರು. ಫೋಲಿಕ್ ಆಸಿಡ್ಡೇ ಇರಬಹುದು. ಇಲ್ದೇನೂ ಇರಬಹುದು."

ಆ ಕಡೆ ಬಾಗಿಲಿನ ಚಿಲಕ ತೆಗೆದ ಸದ್ದು.

"ಎಲ್ಲಿದಾರ್ರಿ ಅವರು?"

ಮರ್ಫಿ ಟೌನಿನ ಓಣಿಯಿಂದ ಸ್ಟೇಷನ್ನಿಗೆ ಅವನು ಹೇಗೆ ಬಂದನೋ, ಮೆಟ್ರೋ ಹತ್ತಿದೆ ಎಂದು ಸಂದೇಶ ಬಂದಿತು. ಇಂದಿರಾನಗರ ದಾಟಿದ, ಬೈಯಪ್ಪನಹಳ್ಳಿ ದಾಟಿದ. ಕೋಕಿಲಾ ಫೋನನ್ನು ಎದುರಿಗಿಟ್ಟುಕೊಂಡು ಮಾತ್ರೆ ಕೊಡುತ್ತಿದ್ದಳು. ಪ್ರತಿ ಚೀಟಿಯನ್ನೂ ಎರಡೆರಡು ಸಲ ಓದಿದಳು, ಮಾತ್ರೆಯ ಪ್ರತಿ ಸ್ಟ್ರಿಪ್ಪಿನ ಹೆಸರನ್ನೂ ಬಾಯಿಬಿಟ್ಟು ಓದಿಕೊಂಡಳು. ಸಾಲು ಬೆಳೆಯಿತು. ಹಿಂದಿನಿಂದ ಒಬ್ಬರು ಕೂಗಿದರು: "ಏನ್ರೀ ಇದು, ಬ್ಯಾಂಕಾ? ಮಾತ್ರೆ ಕೊಡೋಕೆ ಇಷ್ಟೊತ್ತಾ?"

ಗಲಾಟೆ ಕೇಳಿ, ಆಸ್ಪತ್ರೆಯ ಆಡಳಿತ ನೋಡಿಕೊಳ್ಳುವ ಆಪರೇಷನ್ಸ್ ಮ್ಯಾನೇಜರ್ ವಿಶ್ರುತ್ ಕೆಳಗಿಳಿದು ಬಂದ. ಕೋಕಿಲಾಗಿಂತ ಚಿಕ್ಕವನು, ಮಾತಿನಲ್ಲಿ ಒರಟುತನವಿಲ್ಲ. "ಏನ್ ಪ್ರಾಬ್ಲಂ ಮೇಡಂ?" ಎಂದ.

ಅವಳು ತಗ್ಗಿದ ದನಿಯಲ್ಲಿ ಹೇಳಿದಳು. ಅವನು ಸಾಲಿನ ಕಡೆ ಒಮ್ಮೆ ನೋಡಿದ.

"ಕನ್ಫರ್ಮ್ ಆಗಿಲ್ಲ ತಾನೇ? ಆಗೋವರೆಗೂ ಯಾರಿಗೂ ಏನೂ ಹೇಳ್ಬೇಡಿ."

ಅಷ್ಟರಲ್ಲಿ ಫೋನು ನಡುಗಿತು. ಕೋಕಿಲಾ ಕೌಂಟರಿಗೆ ಬೆನ್ನು ಮಾಡಿ ಕಿವಿಗಿಟ್ಟುಕೊಂಡಳು. ಹಿನ್ನೆಲೆಯಲ್ಲಿ ಕಾಂಕ್ರೀಟು ಕಲಸುವ ಯಂತ್ರದ ಸದ್ದು. ಈರೇಶ ಏದುಸಿರು ಬಿಡುತ್ತಿದ್ದ.

"ಸಿಕ್ಕಾರ್ರಿ ಮೇಡಂ. ಶೆಡ್ಡಿನ್ಯಾಗ ಮಲಗ್ಯಾರ. ಮೈ ಕೆಂಡದಂಗ ಸುಡಾಕತ್ತೈತಿ, ತುಟಿಯೆಲ್ಲ ರಕ್ತ."

"ಕವರ್ ನೋಡು. ಯಾವ ಕವರಲ್ಲಿ ಯಾವ ಮಾತ್ರೆ ಇದೆ?"

ಕಾಗದ ಸರಿದ ಸದ್ದು ಕೇಳಿಸಿತು.

"ಈರೇಶ?"

"ದಿನಾ ಒಂದು ಅಂತ ಬರದ ಕವರಿನ್ಯಾಗ ಮೆಥೋಟ್ರೆಕ್ಸೇಟ್ ಐತ್ರಿ." ಅವನ ದನಿ ಮುರಿಯಿತು. "ನನ್ನ ಅಕ್ಷರ ರೀ ಮೇಡಂ. ಅಮರಪ್ಪಗ ಓದಾಕ ಬರ್ಲಿ ಅಂತ ನಾನ ಕನ್ನಡದಾಗ ಬರದು ಕೊಟ್ಟಿದ್ದೆ."

"ಅಳೋದು ಆಮೇಲೆ. ಆ ಮಾತ್ರೆ ಎಲ್ಲಾ ಜೇಬಿಗೆ ಹಾಕ್ಕೋ. ಅವರನ್ನ ಎತ್ಕೊಂಡು ಆಟೋ ಹತ್ತು. ಸೀದಾ ಎಮರ್ಜೆನ್ಸಿಗೆ ಬಾ. ನಾನು ಇಲ್ಲಿ ಹೇಳಿಟ್ಟಿರ್ತೀನಿ."

ಎಮರ್ಜೆನ್ಸಿಯ ಡಾಕ್ಟರಿಗೆ ವಿಷಯ ಮುಟ್ಟಿಸಿದಾಗ ಆಕೆ ಕೇಳಿದ ಮೊದಲ ಪ್ರಶ್ನೆಗೇ ಕೋಕಿಲಾ ತಡವರಿಸಿದಳು. ಈ ವಿಷಕ್ಕೆ ಎದುರು ಮದ್ದಾಗಿ ಕೊಡುವ, ಫೋಲಿಕ್ ಆಸಿಡ್‌ಗಿಂತ ಬೇರೆಯಾದ ಫೋಲಿನಿಕ್ ಆಸಿಡ್ ಇಂಜೆಕ್ಷನ್ ಸ್ಟಾಕಿನಲ್ಲಿ ಇರಲಿಲ್ಲ. ಮುಗಿಯುತ್ತಾ ಬಂದ ಔಷಧಿಗಳನ್ನು ನೋಡಿ ತರಿಸುವ ಕೆಲಸ ಸೌಂದರ್ಯಾಳದು. ಅವಳು ಹೋದ ಮೇಲೆ ಅದನ್ನು ಯಾರೂ ನೋಡಿರಲಿಲ್ಲ.

ಶಿವಾಜಿನಗರದಲ್ಲಿ ಸಗಟು ಔಷಧಿ ಮಾರುವ ಅಸ್ಗರ್ ಅವಳಿಗೆ ಹಳೆಯ ಪರಿಚಯ. ಫೋನು ಮಾಡಿ ಹೆಸರು ಹೇಳಿದ ಕೂಡಲೇ ಆತ, "ಇದೆ ಮೇಡಂ, ಆದ್ರೆ ಗೋಡೌನ್‌ನಲ್ಲಿದೆ, ನಮಾಜ್ ಮುಗಿಸ್ಕೊಂಡು ಕಳಿಸ್ಲಾ?" ಎಂದ.

"ಅಸ್ಗರ್ ಭಾಯ್, ಒಬ್ಬ ಹೆಂಗಸಿನ ಜೀವ."

ಆತ ಮುಂದೇನೂ ಕೇಳಲಿಲ್ಲ. ತಾನೇ ಸ್ಕೂಟರಿನಲ್ಲಿ ತಂದುಕೊಟ್ಟ. ಆತನ ಕೈಯಿಂದ ಡಬ್ಬಿ ಇಸಿದುಕೊಂಡ ಕೋಕಿಲಾ ಮೆಟ್ಟಿಲು ಹತ್ತುವ ಹೊತ್ತಿಗೆ ಆಟೋ ಬಂದು ನಿಂತಿತು. ಈರೇಶ ಜಟ್ಟೆಮ್ಮನನ್ನು ಎರಡೂ ಕೈಯಲ್ಲಿ ಹೊತ್ತು ಇಳಿದ. ಅವಳ ಕೂದಲೆಲ್ಲ ಬೆವರಿಗೆ ಅಂಟಿಕೊಂಡಿತ್ತು. ಬಾಯಿ ತೆರೆದೇ ಇತ್ತು, ಮುಚ್ಚಿದರೆ ನೋವು. ಬಸ್ಸಿನಲ್ಲಿ ಹೊರಟಿದ್ದ ಅಮರಪ್ಪನಿಗೆ ಇದ್ಯಾವುದೂ ಗೊತ್ತಿರಲಿಲ್ಲ. ಶೆಡ್ಡಿಗೆ ಹೋಗಿ, ಪಕ್ಕದವರಿಂದ ವಿಷಯ ತಿಳಿದು, ಜೆಲ್‌ನ ಟ್ಯೂಬು ಹಿಡಿದುಕೊಂಡೇ ಅವನು ತಿರುಗಿ ಆಸ್ಪತ್ರೆಗೆ ಓಡಿ ಬಂದಾಗ ಸೋಂಕು ತಗಲದಿರಲೆಂದು ಅವಳನ್ನು ಯಾರೂ ಹೋಗದಂತೆ ಬೇರೆ ಕೋಣೆಯಲ್ಲಿ ಮಲಗಿಸಿದ್ದರು.

"ಬಿಳಿ ರಕ್ತಕಣ ತುಂಬಾ ಕಡಿಮೆ ಇದೆ," ಡಾಕ್ಟರು ಹೇಳಿದರು. "ಈಗಲೇ ಏನೂ ಹೇಳಕ್ಕಾಗಲ್ಲ."

ಅಮರಪ್ಪ ಕೈಮುಗಿದು, "ಏನಾಗೈತ್ರಿ ಅಕಿಗೆ? ಗಂಟುನೋವಿಗೆ ಹಿಂಗ ಆಗ್ತದೇನ್ರಿ?" ಎಂದು ಕೇಳುತ್ತಾ ಎಲ್ಲರ ಮುಖ ನೋಡಿದ. ಡಾಕ್ಟರು ವಿಶ್ರುತ್ ಕಡೆ ನೋಡಿದರು.

ವಿಶ್ರುತ್ ಮುಂದೆ ಬಂದು ಮೃದುವಾಗಿ ಹೇಳಿದ: "ಕೆಲವರಿಗೆ ಆ ಮಾತ್ರೆ ಒಗ್ಗಲ್ಲ ಯಜಮಾನ್ರೇ. ಸೈಡ್ ಎಫೆಕ್ಟ್. ನಾವು ಚೆನ್ನಾಗಿ ನೋಡ್ಕೊತೀವಿ, ನೀವು ಹೆದರ್ಬೇಡಿ."

ಗೋಡೆಗೆ ಒರಗಿ ನಿಂತಿದ್ದ ಈರೇಶ ತಲೆ ಎತ್ತಿದ. ಅವನು ಏನು ಮಾಡಲಿದ್ದಾನೆಂದು ಕೋಕಿಲಾಗೆ ಹೊಳೆಯಿತು. ತಡೆಯಬಹುದಿತ್ತು. ಅವಳು ತಡೆಯಲಿಲ್ಲ.

"ಸೈಡ್ ಎಫೆಕ್ಟ್ ಅಲ್ರಿ ಕಾಕಾ," ಈರೇಶ ಹೇಳಿದ. "ವಾರಕ್ಕ ಒಂದು ತಗೊಳ್ಳೋ ಗುಳಿಗಿ ಮ್ಯಾಲ ನಾನು ದಿನಾ ಒಂದು ಅಂತ ಬರದಿದ್ದೆ. ಕವರ್ ಅದಲು ಬದಲು ಆದುವು. ತಪ್ಪು ನಂದು."

ಅಮರಪ್ಪನಿಗೆ ಅರ್ಥವಾಗಲು ಸ್ವಲ್ಪ ಸಮಯ ಬೇಕಾಯಿತು. ಅವನ ಕೈ ಮೇಲೆದ್ದಿತು. ಈರೇಶ ಕದಲಲಿಲ್ಲ. ಕೈ ಹಾಗೇ ಗಾಳಿಯಲ್ಲಿ ನಿಂತು, ಆಮೇಲೆ ಈರೇಶನ ಅಂಗಿಯ ಎದೆಯನ್ನು ಮುಷ್ಟಿಯಲ್ಲಿ ಹಿಡಿಯಿತು.

"ನಮ್ಮ ಹುಡುಗ ಅಂತ ಬರ್ತಿದ್ದೆವಲ್ಲೋ. ನಿನ್ನ ಕೇಳ್ಕೊಂಡೇ ಬರ್ತಿದ್ದೆವಲ್ಲೋ!"

ಅಮರಪ್ಪ ಮುಷ್ಟಿ ಬಿಟ್ಟ.

"ಅಕಿ ಬಾಯಾಗ ಮಾತು ಬರೂ ತನಕ ನೀ ಇಲ್ಲಿಂದ ಅಲ್ಲಾಡಬಾರ್ದು. ತಿಳೀತಿಲ್ಲೋ?"

"ಎಲ್ಲಿಗೂ ಹೋಗಂಗಿಲ್ರಿ," ಎಂದ ಈರೇಶ.

ಹೇಳಿದಂತೆ ನಡೆದುಕೊಂಡ. ಕೌಂಟರಿನ ಕೆಲಸ ಮುಗಿದ ಕೂಡಲೇ ಮೇಲೆ ಹೋಗಿ ಆ ಕೋಣೆಯ ಹೊರಗೆ ಕೂತುಕೊಳ್ಳುತ್ತಿದ್ದ. ಜಟ್ಟೆಮ್ಮನ ಜ್ವರ ಇಳಿಯುವುದು, ಮತ್ತೆ ಏರುವುದು ನಡೆದಿತ್ತು. ಒಂದು ದಿನ ಮೂಗಿನಿಂದ ರಕ್ತ ಬಂದು ರಕ್ತಕಣ ಕೊಡಬೇಕಾಯಿತು. ಆ ದಿನ ಈರೇಶ ಮತ್ತು ಅಮರಪ್ಪ ಒಂದೇ ಬೆಂಚಿನ ಎರಡು ತುದಿಯಲ್ಲಿ ಕೂತಿದ್ದರು, ಒಬ್ಬರನ್ನೊಬ್ಬರು ನೋಡದೆ.

ಆ ವಾರ ಕೋಕಿಲಾಳ ಮನೆಯಲ್ಲೂ ಸಮಾಧಾನವಿರಲಿಲ್ಲ. ಜೀವನ್‌ಬಿಮಾ ನಗರದ ಅವರ ಮನೆಯಲ್ಲಿ ಗಂಡ ಅಂಜನಮೂರ್ತಿ ಊಟದ ತಟ್ಟೆ ಮುಂದಿಟ್ಟುಕೊಂಡೇ ಹೇಳಿದ: "ಬಿಟ್ಬಿಡು ಕೋಕಿಲಾ. ನಾಳೆ ಆ ಹೆಂಗಸಿಗೆ ಹೆಚ್ಚುಕಮ್ಮಿ ಆದ್ರೆ ನಿನ್ನನ್ನೇ ಸ್ಟೇಷನ್‌ಗೆ ಕರೀತಾರೆ. ಆಸ್ಪತ್ರೆಯೋರು ನಿನ್ನ ಹಿಂದೆ ನಿಲ್ತಾರೆ ಅನ್ಕೊಂಡಿದೀಯಾ?"

"ನಾನು ಬಿಟ್ರೆ ಅವನೊಬ್ಬನೇ ಆಗ್ತಾನೆ."

"ಅವನನ್ನೂ ಕರ್ಕೊಂಡು ಬಿಡು."

ಗಂಡ ಹೇಳುತ್ತಿದ್ದುದರಲ್ಲಿ ತಪ್ಪೇನೂ ಇರಲಿಲ್ಲ. ಅದೇ ಅವಳನ್ನು ಹೆಚ್ಚು ಕುಗ್ಗಿಸಿದ್ದು.

ಜಟ್ಟೆಮ್ಮನ ರಕ್ತಕಣಗಳು ಮೇಲೇರತೊಡಗಿವೆ ಎಂದು ಡಾಕ್ಟರು ಹೇಳಿದ ದಿನವೇ ವಿಶ್ರುತ್ ಕೋಕಿಲಾಳನ್ನು ತನ್ನ ಕೋಣೆಗೆ ಕರೆದ. ಮೇಜಿನ ಮೇಲೆ ಎರಡು ಹಾಳೆ ಇದ್ದವು.

"ಗಾಡ್ಸ್ ಗ್ರೇಸ್, ಪೇಷೆಂಟ್ ಉಳ್ಕೊಂಡ್ರು. ಟ್ರೀಟ್‌ಮೆಂಟ್ ಪೂರ್ತಿ ನಮ್ದೇ. ಆದ್ರೆ ಮ್ಯಾನೇಜ್‌ಮೆಂಟ್ ಏನಾದ್ರೂ ಆಕ್ಷನ್ ತೋರಿಸ್ಬೇಕು ಅಂತಿದೆ. ಈರೇಶನ್ನ ತೆಗೀತಿದೀವಿ. ಅವನ ನೆಗ್ಲಿಜೆನ್ಸ್ ಅಂತ ನೀವು ಒಂದು ಸೈನ್ ಹಾಕಿದ್ರೆ ಮುಗೀತು."

ಕೋಕಿಲಾ ಹಾಳೆಯನ್ನು ಮುಟ್ಟಲಿಲ್ಲ. ಇಷ್ಟು ವರ್ಷದಲ್ಲಿ ಈ ಕೋಣೆಯಲ್ಲಿ ಅವಳು ದನಿ ಎತ್ತಿದವಳಲ್ಲ.

"ಅವತ್ತು ಸಂಜೆ ಅವನು ಡ್ಯೂಟಿ ಮುಗಿಸಿ ಮನೆಗೆ ಹೊರಟಿದ್ದ ಸರ್. ತಡೆದು ನಿಲ್ಲಿಸಿದ್ದು ನಾನು. ಜನ ಬೇಕು ಅಂತ ನಾನು ಎಷ್ಟು ಸಲ ಕೇಳಿದೀನಿ ನಿಮಗೇ ಗೊತ್ತು. ಕೊಡದೇ ಇದ್ದಿದ್ದು ನೀವು. ಬರೆಯೋದಾದ್ರೆ ಮೂರು ಜನರ ಹೆಸರೂ ಬರೀರಿ."

"ಜನ ಸಿಗ್ತಿಲ್ಲ ಮೇಡಂ. ಆಡ್ ಹಾಕ್ತಾನೇ ಇದೀವಿ."

"ಸಿಗ್ತಾರೆ. ನಿಲ್ಲಲ್ಲ. ಬಂದ ದಿನವೇ ಹದಿನಾರು ಗಂಟೆ ನಿಲ್ಲಿಸ್ತೀರಿ, ಕೂರೋಕೆ ಸ್ಟೂಲ್ ಕೊಡಲ್ಲ, ಪೇಷೆಂಟ್ ಬೈದ್ರೆ ಪೇಷೆಂಟ್ ಪರ ಮಾತಾಡ್ತೀರಿ. ಯಾರು ನಿಲ್ತಾರೆ?"

"ನನ್ನ ಮೇಲೂ ಜನ ಇದಾರೆ. ನಾನು ಒಬ್ಬನೇ ಡಿಸೈಡ್ ಮಾಡೋದಲ್ಲ," ವಿಶ್ರುತ್ ಕಣ್ಣು ಉಜ್ಜಿಕೊಂಡ. ಅವನಿಗೂ ನಿದ್ದೆ ಇರಲಿಲ್ಲವೇನೋ.

"ಹಂಗಾದ್ರೆ ಅವರಿಗೆ ಇದನ್ನ ಹೇಳಿ. ಈರೇಶನ್ನ ತೆಗೆದ ದಿನ ನಾನೂ ಹೋಗ್ತೀನಿ. ಮಾರನೇ ದಿನ ಬೆಳಿಗ್ಗೆ ಫಾರ್ಮಸಿ ಬಾಗಿಲು ತೆಗಿಯೋಕೆ ಲೈಸೆನ್ಸ್ ಪ್ರಕಾರ ಒಬ್ಬ ಫಾರ್ಮಸಿಸ್ಟ್ ಬೇಕು. ಯಾರಿದಾರೆ ಅಂತ ನೋಡ್ಕೊಳ್ಳಿ."

ಎರಡು ದಿನ ಏನೂ ಆಗಲಿಲ್ಲ. ಫೋನು ಹೊಡೆದುಕೊಂಡಾಗಲೆಲ್ಲ ತನ್ನನ್ನೇ ಮನೆಗೆ ಕಳಿಸುತ್ತಾರೆ ಎಂದುಕೊಂಡಳು. ಮೂರನೇ ದಿನ ವಿಶ್ರುತ್ ಕೌಂಟರಿಗೆ ಬಂದು, ಇಬ್ಬರು ಫಾರ್ಮಸಿಸ್ಟ್‌ಗಳನ್ನು ತೆಗೆದುಕೊಳ್ಳಲು ಒಪ್ಪಿಗೆ ಬಂದಿದೆ, ಒಬ್ಬರೇ ಎರಡು ಪಾಳಿ ಮಾಡುವುದು ಇನ್ನಿಲ್ಲ, ಇಂಥ ಅಪಾಯದ ಮಾತ್ರೆಗಳನ್ನು ಇಬ್ಬರು ನೋಡಿಯೇ ಕೊಡಬೇಕು ಎಂದು ಹೇಳಿದ. ಈರೇಶನಿಗೆ ಎಚ್ಚರಿಕೆ ಪತ್ರ ಕೊಟ್ಟು ಕೆಲಸದಲ್ಲಿ ಉಳಿಸಿಕೊಳ್ಳುತ್ತಾರಂತೆ. ಕೋಕಿಲಾಗೂ ಒಂದು ಎಚ್ಚರಿಕೆ ಪತ್ರ ಬಂತು. ಅವಳು ಎರಡೂ ಕೈಯಲ್ಲಿ ಇಸಿದುಕೊಂಡಳು.

ಜಟ್ಟೆಮ್ಮ ಮನೆಗೆ ಹೊರಟ ದಿನ ಮಧ್ಯಾಹ್ನ ಗಂಡ ಹೆಂಡತಿ ಇಬ್ಬರೂ ಔಷಧಿ ಒಯ್ಯಲು ಕೌಂಟರಿಗೆ ಬಂದರು. ಅವಳು ತುಂಬಾ ಇಳಿದುಹೋಗಿದ್ದಳು. ಆದರೆ ತನ್ನ ಕಾಲ ಮೇಲೆ ನಿಂತಿದ್ದಳು, ಮಾತಾಡುತ್ತಿದ್ದಳು. ಈರೇಶ ಮಾತ್ರೆ ತೆಗೆದಿಟ್ಟು, ಕೋಕಿಲಾಗೆ ತೋರಿಸಿ, ಕವರಿನ ಮೇಲೆ ಕನ್ನಡದಲ್ಲಿ ಬರೆದು, "ಇದು ಮುಂಜಾನೆ ಊಟ ಆದ ಮ್ಯಾಲ ರೀ ಅವ್ವ" ಎಂದು ಚಾಚಿದ.

ಜಟ್ಟೆಮ್ಮ ಅವನ ಮುಖ ನೋಡಿದಳು. ಬೈಯಲಿಲ್ಲ. ಕವರನ್ನು ಗಂಡನ ಕೈಗೆ ಕೊಟ್ಟು ಓದಿಸಿದಳು. ಆಮೇಲೆ ಸಾಲಿನಲ್ಲಿ ಹಿಂದೆ ನಿಂತಿದ್ದ, ಗುರುತಿಲ್ಲದ ಒಬ್ಬ ಹೆಂಗಸಿನ ಕೈಗೆ ಕೊಟ್ಟು, "ಯಕ್ಕಾ, ಏನ್ ಬರದಾರ ಇದ್ರಾಗ, ಚೂರು ಓದ್ರಿ" ಎಂದಳು. ಆಕೆ ಓದಿದಳು. ಅದೇ ಮಾತು. ಜಟ್ಟೆಮ್ಮ ಕವರನ್ನು ಚೀಲಕ್ಕೆ ಹಾಕಿಕೊಂಡು ಗಂಡನ ತೋಳು ಹಿಡಿದು ನಡೆದಳು.

ಈರೇಶ ಅದನ್ನೆಲ್ಲ ನಿಂತು ನೋಡಿದ. ಆ ಸಂಜೆ ಪಾಳಿ ಮುಗಿದ ಮೇಲೆ ಕೋಕಿಲಾ ಹತ್ತಿರ ಬಂದ.

"ಮೇಡಂ, ನಾ ಈ ತಿಂಗಳು ಮುಗಿಸಿ ಬಿಡ್ತೀನ್ರಿ."

ಅವಳಿಗೆ ಸಿಟ್ಟು ನೆತ್ತಿಗೇರಿತು. "ತಮಾಷೆ ಮಾಡ್ತಿದೀಯಾ? ನಿನಗೋಸ್ಕರ ನಾನು ಯಾರ್ಯಾರ ಹತ್ರ ಜಗಳ ಆಡಿದೀನಿ ಗೊತ್ತಾ?"

"ಗೊತ್ತೈತ್ರಿ. ಅದಕ್ಕ ಹೇಳಾಕ ಬಾಯಿ ಬರ್ಲಿಲ್ಲ ಇಷ್ಟು ದಿನ." ಅವನು ತನ್ನ ಕೈಗಳನ್ನು ನೋಡಿಕೊಂಡ. "ಒಂದು ಮಾತ್ರಿ ತೆಗದ್ರ ಮತ್ತ ಇಟ್ಟು ಮತ್ತ ತೆಗೀತೀನಿ. ಕೊಟ್ಟ ಮ್ಯಾಲೂ ಓಡಿಹೋಗಿ ಕಸ್ಗೊಂಡು ನೋಡಬೇಕು ಅನಸ್ತದ. ಹೊಸಕೋಟಿ ಕಡೆ ಒಂದು ಔಷಧಿ ಗೋದಾಮಿನ್ಯಾಗ ಕೆಲಸ ಐತಿ. ಅಲ್ಲಿ ಪೆಟ್ಟಿಗಿ ಅಷ್ಟ ಬರ್ತಾವು ರೀ, ಮನಷ್ಯಾರು ಬರಂಗಿಲ್ಲ."

"ಜನ ನಿನ್ನ ಕೇಳ್ಕೊಂಡು ಬರ್ತಾರೆ ಈರೇಶ."

"ಅದ ರೀ ಮೇಡಂ. ಅದ ತಡಕೊಳ್ಳಾಕ ಆಗವಲ್ದು."

ಇನ್ನೊಂದು ವಾರ ಯೋಚಿಸು ಎನ್ನಬೇಕೆಂದುಕೊಂಡಳು. ಇವತ್ತೊಂದಿನ ನೋಡ್ಕೊಳ್ಳೋ ಎಂದು ಆ ಸಂಜೆ ಬಾಗಿಲಲ್ಲಿ ತಡೆದದ್ದು ನೆನಪಾಯಿತು. "ಊಟ ಸರಿಯಾಗಿ ಮಾಡು," ಎಂದಷ್ಟೇ ಹೇಳಿದಳು. ಅವನು ಹೋದ ಮೇಲೆ ಒಳಗೆ ಕಪಾಟುಗಳ ನಡುವೆ ನಿಂತು ಅತ್ತಳು. ರಿಜ್ವಾನ್ ಏನೂ ಕೇಳದೆ ಫ್ಯಾನು ಜೋರು ಮಾಡಿದ.

ಹೊಸಬರು ಬಂದರು. ಮೊದಲು ಬಂದವಳು ಕಮ್ಮನಹಳ್ಳಿಯ ಸಂಹಿತಾ, ಕಾಲೇಜು ಮುಗಿಸಿ ಹೆಚ್ಚು ಕಾಲವಾಗಿರಲಿಲ್ಲ. ಮೊದಲ ದಿನವೇ ಪಾಳಿ ಮುಗಿಯುವ ಹೊತ್ತಿಗೆ ಹೊರಗೆ ಸಾಲು ಉದ್ದವಾಗಿತ್ತು. ಸಂಹಿತಾ ಗಡಿಯಾರ ನೋಡಿದಳು, ಸಾಲು ನೋಡಿದಳು, ಇನ್ನೊಂದು ಚೀಟಿಗೆ ಕೈ ಚಾಚಿದಳು. ಅದನ್ನು ಕೋಕಿಲಾ ಅವಳ ಕೈಯಿಂದ ತೆಗೆದುಕೊಂಡಳು.

"ನಿನ್ನ ಟೈಮ್ ಆಯ್ತು. ಹೊರಡು."

"ಇಷ್ಟು ಜನ ಇದಾರಲ್ಲ ಮೇಡಂ?"

"ಜನ ಇದ್ದೇ ಇರ್ತಾರೆ. ನಾವು ನೋಡ್ಕೊತೀವಿ, ಹೋಗು."

ಹುಡುಗಿ ಬಿಳಿ ಕೋಟು ಕಳಚಿ ಚೀಲಕ್ಕೆ ತುರುಕಿಕೊಂಡು ಬಾಗಿಲ ತನಕ ಹೋದಳು. ಕೋಕಿಲಾಗೆ ತಡೆಯಲಾಗಲಿಲ್ಲ.

"ಸಂಹಿತಾ, ನಾಳೆ ಬರ್ತೀಯಲ್ಲ?"

ಕೇಳಿದ ಮೇಲೆ ನಾಚಿಕೆಯಾಯಿತು. ಸಂಹಿತಾ ತಿರುಗಿ ನೋಡಿ, ಇದೆಂಥ ಪ್ರಶ್ನೆ ಎಂಬಂತೆ ನಕ್ಕಳು. ಏನೋ ಹೇಳಿದಳು ಕೂಡ. ಆದರೆ ಅಷ್ಟರಲ್ಲಿ ಸಾಲಿನ ಮುಂದಿದ್ದವರು ಚೀಟಿ ಚಾಚಿ ಜೋರಾಗಿ ಕರೆದಿದ್ದರಿಂದ ಅದು ಕೋಕಿಲಾಗೆ ಕೇಳಿಸಲಿಲ್ಲ. ಅವಳು ಚೀಟಿ ತೆಗೆದುಕೊಂಡು, ಬೆಳಕಿಗೆ ಹಿಡಿದು, ನಿಧಾನವಾಗಿ ಓದತೊಡಗಿದಳು.